ಬ್ಯಾಟರಿ ಹೊತ್ತು ಯಾದಗಿರಿಗೆ

ಬೆಳಗಿನ ಏಳೂವರೆಗೆ ಸುರಪುರದ ಬಸ್ ನಿಲ್ದಾಣಕ್ಕೆ ಬಂದಾಗ ನನ್ನ ಕೈಯಲ್ಲಿ ಹನ್ನೊಂದು ಕಿಲೋ ತೂಕದ ಚೀಲವಿತ್ತು. ಒಳಗೆ ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ವಾರಂಟಿ ಮೂರು ವರ್ಷದ್ದು. ಪುಣ್ಯಾತ್ಮ ಹದಿನಾಲ್ಕು ತಿಂಗಳಿಗೇ ಕಣ್ಣು ಮುಚ್ಚಿತ್ತು. ಸರ್ವಿಸ್ ಸೆಂಟರ್ ಇರುವುದು ಯಾದಗಿರಿಯಲ್ಲಿ, ಶಹಾಪುರದಲ್ಲಿ ಬಸ್ ಬದಲಿಸಬೇಕು.

"ಏನದರಿ ಇದ್ರಾಗ?" ಎಂದ ಕಂಡಕ್ಟರ್.

"ಗಾಡಿ ಬ್ಯಾಟರಿರಿ. ಸತ್ತದ."

"ಸತ್ತದ್ದಕ್ಕೂ ಲಗೇಜ್ ಟಿಕೆಟ್ ಆಗ್ತದ್ರಿ ಅಕ್ಕಾರ."

ಹೆಂಗಸಾದ ನನಗೆ ಉಚಿತ ಪ್ರಯಾಣ, ಬ್ಯಾಟರಿಗೆ ಇಪ್ಪತ್ತು ರೂಪಾಯಿ. ನನಗಿಂತ ಅದಕ್ಕೇ ಬೆಲೆ ಎಂದುಕೊಂಡು ನಕ್ಕೆ. ಜೊತೆಗೆ ನಗಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಸ್ಕೂಟರ್ ನನಗೆ ಬೇಕಾದದ್ದು ಭಾನುವಾರಕ್ಕೆ. ಗಂಡ ತೀರಿಕೊಂಡ ಮೇಲೆ ಸುರಪುರದ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ನನ್ನವಳು ಅಂತ ಇರುವ ಒಬ್ಬಳೇ ಅಕ್ಕ ಗೋಗಿಯಿಂದ ನಾಲ್ಕು ಕಿಲೋಮೀಟರ್ ಒಳಗೆ ಹೊಲದ ಮನೆಯಲ್ಲಿದ್ದಾಳೆ. ಗೋಗಿಯವರೆಗೆ ಬಸ್ಸಿದೆ, ಅಲ್ಲಿಂದ ಮುಂದೆ ಆಟೋ ಬರುವುದಿಲ್ಲ, ನಡೆಯಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಅಕ್ಕನಿಗೆ ಕಿವಿ ಕೇಳಿಸದು, ಹಾಗಾಗಿ ಫೋನೂ ಇಲ್ಲ. ಎದುರಿಗೆ ಕೂತು, ತುಟಿ ಬಿಡಿಸಿ, ನಿಧಾನಕ್ಕೆ ಮಾತಾಡಬೇಕು. ಐದು ಭಾನುವಾರ ತಪ್ಪಿದ್ದವು. ಈ ಐದು ವಾರದಲ್ಲಿ ಮನೆಯೊಳಗೆ ನನ್ನ ದನಿ ನಾನೇ ಕೇಳಿರಲಿಲ್ಲ.

ಶಹಾಪುರದಲ್ಲಿ ಅರ್ಧ ಗಂಟೆ ಕಾಯಬೇಕಾಯಿತು. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಮಂಡಕ್ಕಿ ಸುಸಲಾ, ಒಂದು ಮಿರ್ಚಿ ಬಜ್ಜಿ, ಚಹಾ ತೆಗೆದುಕೊಂಡೆ. ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕೂತ ನನ್ನನ್ನು ಕಂಡು ಚಹಾದವನು, "ತವರಿಗಿ ಹೊಂಟೀರೇನ್ರಿ?" ಎಂದು ಕೇಳಿದ. ಹೌದು ಎನ್ನಬೇಕೆನಿಸಿತು. ಇಲ್ಲ ಎಂದೆ.

ಭೀಮಾ ಸೇತುವೆ ದಾಟಿ ಯಾದಗಿರಿ ಸೇರುವಷ್ಟರಲ್ಲಿ ಹತ್ತೂವರೆ. ಸರ್ವಿಸ್ ಸೆಂಟರಿನ ಮೆಕ್ಯಾನಿಕ್ ಇಮ್ರಾನ್, ನನ್ನದೇ ವಯಸ್ಸಿನವರು, ಬ್ಯಾಟರಿಯ ಮುಚ್ಚಳ ಬಿಚ್ಚಿ ನನ್ನನ್ನು ಹತ್ತಿರ ಕರೆದರು. ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಬಿಳಿಯಾಗಿರಬೇಕಾದ ಚೀಟಿ ಕೆಂಪಾಗಿತ್ತು.

"ನೀರು ಹೊಕ್ಕದ್ರಿ ಮೇಡಂ. ಈ ಚೀಟಿ ಕೆಂಪಾತಂದ್ರ ವಾರಂಟಿ ಖತಂ."

"ಮಳ್ಯಾಗ ಒಯ್ದಿಲ್ಲರಿ, ತೊಳದೂ ಇಲ್ಲ!"

"ಇದು ಮಳಿ ನೀರಲ್ರಿ. ಹಸಿ ಅರಿವಿ ಹೊಚ್ಚಿರಬೇಕು ಯಾರೋ. ನಮ್ಮ ಕಡಿ ಮಂದಿ ಕುಡ್ಯೂ ನೀರಿನ ಕೊಡಕ್ಕ ಸುತ್ತಿದಂಗ ಇದಕ್ಕೂ ಸುತ್ತತಾರ. ತಂಪಿರಲಿ ಅಂತ."

ಅಕ್ಕನ ಮನೆಯ ಭಾನುವಾರಗಳು ನೆನಪಾದವು. ಒಂದೇ ಚಾರ್ಜಿಗೆ ಹೋಗಿ ಬರಲು ಆಗದೆ, ನಾನು ಬ್ಯಾಟರಿ ಬಿಚ್ಚಿ ಅಕ್ಕನ ಪಡಸಾಲೆಯಲ್ಲಿ ಚಾರ್ಜಿಗೆ ಹಾಕುತ್ತಿದ್ದೆ. ಉಂಡು ಮಲಗುತ್ತಿದ್ದೆ. ಒಮ್ಮೆ ಎದ್ದಾಗ ಅದರ ಮೇಲೆ ಹಸಿ ಗೋಣಿಚೀಲವಿತ್ತು. "ಅದರ ಮೈ ಸುಡಾಕತ್ತಿತ್ತವ್ವ," ಎಂದಿದ್ದಳು ಅಕ್ಕ, ಜ್ವರದ ಕೂಸಿನ ವಿಷಯ ಹೇಳುವ ಹಾಗೆ. ಅವಳ ಅಕ್ಕರೆಗೆ ನಕ್ಕಿದ್ದೆ. ಬೇಡ ಎನ್ನಬೇಕೆಂದು ನನಗೂ ಹೊಳೆದಿರಲಿಲ್ಲ. ಓದಿದವಳು ನಾನು!

ಇಮ್ರಾನ್ ಫಾರ್ಮು ತೆಗೆದರು. "ಕಂಪ್ನಿಯವರು ಕೇಳ್ತಾರ. ಯಾರು ಹೊಚ್ಚಿದ್ರು ಅಂತ ಬರೀಲಿ?"

"ನಾನೇ ಅಂತ ಬರೀರಿ."

"ಮನ್ಯಾಗ ಬ್ಯಾಡ ಅನ್ನೋರು ಯಾರೂ ಇರಲಿಲ್ಲೇನ್ರಿ?"

"ಇಲ್ಲರಿ," ಎಂದು ಸಹಿ ಹಾಕಿದೆ. ಹೊಸ ಬ್ಯಾಟರಿ ಅಂದರೆ ಗಾಡಿಯ ಅರ್ಧ ಬೆಲೆ. ಸದ್ಯಕ್ಕೆ ಅದು ಆಗದ ಮಾತು. ಸತ್ತದ್ದನ್ನು ಮತ್ತೆ ಚೀಲಕ್ಕೆ ಹಾಕಿಕೊಟ್ಟು ರಸ್ತೆಯವರೆಗೆ ಇಮ್ರಾನ್ ಅವರೇ ಹೊತ್ತು ತಂದರು.

ಮಧ್ಯಾಹ್ನ ಶಹಾಪುರದಲ್ಲಿ ಸುರಪುರದ ಬಸ್ ಹತ್ತಿ ಕೂತೆ. ಪಕ್ಕದಲ್ಲೇ ಗೋಗಿಯ ಬಸ್ ನಿಂತಿತ್ತು. ಮೊಣಕಾಲು ಹಾಳಾಗಿ ಹೋಗಲಿ, ಕುಂಟುತ್ತಾ ಹೋಗಿಬಿಡೋಣ ಎಂದು ಎದ್ದೆ. ಅಕ್ಕ ಮೊದಲು ಕೇಳುವುದೇ ಗಾಡಿಗೆ ಏನಾಯಿತೆಂದು. ಫಾರ್ಮಿನಲ್ಲಿ ಬರೆಸಿದ ಸುಳ್ಳನ್ನು, ನನ್ನ ತುಟಿಯನ್ನೇ ನೋಡುತ್ತಾ ಕೂರುವವಳ ಮುಂದೆ ಹೇಳಲು ನನಗೆ ಬರುವುದಿಲ್ಲ. ನಿಜ ಹೇಳಿದರೆ ಅವಳು ಇನ್ನು ನನ್ನ ಯಾವ ವಸ್ತುವನ್ನೂ ಮುಟ್ಟಲಾರಳು. ಮತ್ತೆ ಕೂತೆ.

ಗೋಗಿಯ ಬಸ್ ಮೊದಲು ಹೊರಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ.

"ಎಲ್ಲಿಗ್ರಿ ಅಕ್ಕಾರ?" ಎಂದ ಕಂಡಕ್ಟರ್.

"ಸುರಪುರ," ಎಂದೆ.