ಮಸ್ಕಿಯ ಮೆರವಣಿಗೆಯಲ್ಲಿ ಎತ್ತಿದ ಕಾಲು

ಗೆಳೆಯರೇ, ಇವತ್ತು ಬೆಳಿಗ್ಗೆ ಮಸ್ಕಿಯಲ್ಲಿ ನನ್ನ ತಮ್ಮನ ಮದುವೆ ಮೆರವಣಿಗೆ ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಸಿಂಧನೂರಿನಿಂದ ಕರೆಸಿದ್ದ ಹಳೇ ಬ್ಯಾಂಡಿನಲ್ಲಿ ಈಗ ಎಲ್ಲರೂ ಹೊಸಬರು. ಡ್ರೆಸ್ ಮಾತ್ರ ಹಳೆಯದು.

ಹೊಸ ಕ್ಲಾರಿನೆಟ್ಟಿನ ರಮೇಶ ಒಂದು ಸ್ವರವೂ ತಪ್ಪದೆ ಊದಿದ. ಅದೇ ಅವನ ಅಪರಾಧ. ಕುಣಿಯುತ್ತಿದ್ದ ನಮ್ಮ ಶರಣಪ್ಪ ಕಾಕಾ ಎತ್ತಿದ ಕಾಲು ಇಳಿಸುವುದರೊಳಗೆ ಹಾಡು ಮುಂದೆ ಓಡಿತು, ಕಾಕಾ ಬೀಗರ ಮೇಲೆ ಬಿದ್ದರು. ಎದ್ದವರೇ ಕೂಗಿದರು:

"ಲೇ, ನಡುವ ಒಂದೀಟು ಬಾಜಾ ನಿಲ್ಲತಿತ್ತಲ್ಲ, ಎಲ್ಲಿ ಅದು? ನನ್ನ ಲಗ್ನದಾಗಿಂದ ಅಲ್ಲೇ ಕಾಲ ಎತ್ತಾಕತ್ತೀನಿ ನಾ! ನೀವು ಡೂಪ್ಲಿಕೇಟ್ ಅದೀರಿ. ವಾಪಸ್ ನಡೀರಿ!"

ರಮೇಶನ ಮುಖ ಬಾಡಿತು. "ಹಾಡಿನಾಗ ಅಲ್ಲಿ ನಿಲ್ಲೋದ ಇಲ್ರೀ ಕಾಕಾರ."

ಊದುವುದು ಬಿಟ್ಟರೂ ಹೊಸಬರ ಜೊತೆ ಬಂದಿದ್ದ ಹಳೇ ಕ್ಲಾರಿನೆಟ್ ಮಾಸ್ತರ್ ಹುಸೇನಸಾಬರು ಮೆಲ್ಲಗೆ ಹೇಳಿದರು: "ಅಂವಂದೇನೂ ತಪ್ಪಿಲ್ರೀ ಸಾವ್ಕಾರ್ರ. ಅಲ್ಲಿ ನಾ ಎಲಿಅಡಿಕಿ ಉಗುಳತಿದ್ದೆ."

ಮೂರು ತಾಲೂಕು ಇಷ್ಟು ವರ್ಷ ಕುಣಿದದ್ದು ಇದಕ್ಕೆ! ಕಾಕಾ ಮಾತ್ರ ಸೋಲಲಿಲ್ಲ. "ಹಂಗಾರ ನೀವ ಮುಂದ ಬರ್ರೀ ಮಾಸ್ತರ."

ರಮೇಶ ಊದಿದ, ಆ ಜಾಗ ಬಂದಾಗ ನಿಲ್ಲಿಸಿದ. ಕಾಲುಗಳೆಲ್ಲ ಮೇಲೆದ್ದವು. ಮಾಸ್ತರರು ಉಗುಳಿದರು. ಕಾಲುಗಳೆಲ್ಲ ಒಟ್ಟಿಗೆ ಇಳಿದವು.

"ಇದು ನೋಡ್ರಿ ಒರಿಜಿನಲ್!" ಎಂದರು ಕಾಕಾ.

ಲಿಂಗಸುಗೂರಿನ ಬೀಗರು ಅಲ್ಲೇ ತಮ್ಮ ಮುಂದಿನ ಮದುವೆಗೆ ಇದೇ ಬ್ಯಾಂಡನ್ನು ಗೊತ್ತು ಮಾಡಿದರು. ಷರತ್ತು ಒಂದೇ: ಊದುವವರು ಯಾರಾದರೂ ಇರಲಿ, ಉಗುಳುವವರು ಹಳಬರೇ ಆಗಬೇಕು.