ಟೈಲರ್ ಹೆಂಡತಿ ಹೆಣೆದ ರವಿಕೆ

ಕೊಳ್ಳೇಗಾಲದಲ್ಲಿ ಹೆಂಗಸರ ರವಿಕೆ ಹೊಲಿಯುವ ಅಂಗಡಿ ಇಟ್ಟು ನನಗೆ ಮೂವತ್ತು ವರ್ಷದ ಮೇಲಾಯಿತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಇಷ್ಟು ವರ್ಷ ಕತ್ತರಿ ಹಿಡಿದವನಿಗೆ ಒಂದು ರವಿಕೆ ಅರ್ಥವಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಕಳೆದ ಬೇಸಿಗೆಯಲ್ಲಿ ಆದದ್ದು ಅದೇ. ಆ ರವಿಕೆ ಹೆಣೆದವಳು ನನ್ನ ಹೆಂಡತಿ.

ಇದೆಲ್ಲ ಶುರುವಾದದ್ದು ಅಗರದಲ್ಲಿ. ಅಲ್ಲಿ ಅವಳ ತಂಗಿಯ ಮನೆ. ತಂಗಿಯ ಮಗಳು ಮೊಬೈಲ್ ನೋಡಿಕೊಂಡು, ತುದಿಗೆ ಕೊಕ್ಕೆಯಿರುವ ಕ್ರೋಶ ಕಡ್ಡಿಯಲ್ಲಿ ಬೇಸಿಗೆಯ ಟಾಪು ಹೆಣೆಯುವುದನ್ನು ಕಲಿತಿದ್ದಳು. ತುಂಡು ತೋಳಿನ, ಮೈಗೆ ಸರಿಯಾಗಿ ಕೂರುವ, ಗಾಳಿಯಾಡುವ ಟಾಪು. ಹುಡುಗಿಯರು ಜೀನ್ಸಿನ ಮೇಲೆ ಹಾಕಿಕೊಳ್ಳುತ್ತಾರೆ, ಸೀರೆಗೆ ರವಿಕೆಯಾಗಿಯೂ ತೊಡಬಹುದಂತೆ. ನನ್ನವಳು ಎರಡು ದಿನ ಅಲ್ಲಿದ್ದು ಬರುವಾಗ ಒಂದು ಕಡ್ಡಿ, ತಿಳಿಹಳದಿ ಹತ್ತಿ ನೂಲಿನ ಉಂಡೆಗಳು, ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡ ಲೆಕ್ಕ ಎಲ್ಲ ತಂದಳು. ತಂಗಿ ಹೊಸ ಮನೆ ಕಟ್ಟಿಸುತ್ತಿದ್ದಳು. ಅದರ ಗೃಹಪ್ರವೇಶಕ್ಕೆ ತಾನು ತೊಡುವುದು ತಾನೇ ಹೆಣೆದ ರವಿಕೆ ಎಂದು ನನ್ನವಳು ಹೇಳಿದಳು.

ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹನೂರಿನಿಂದ, ಬಂಡಳ್ಳಿಯಿಂದ ಬಸ್ಸು ಹತ್ತಿ ನನ್ನ ಹತ್ತಿರ ಹೊಲಿಸಲು ಬರುತ್ತಾರೆ. ಟೈಲರ್ ಹೆಂಡತಿ ಬಲೆಯಂಥ ರವಿಕೆ ಹಾಕಿಕೊಂಡು ನೆಂಟರ ಮಧ್ಯೆ ಓಡಾಡಿದರೆ ನನ್ನ ಮಾನ ಉಳಿಯುತ್ತದೆಯೇ? ಒಳ್ಳೆಯ ಬಟ್ಟೆ ತಂದು ನಾನೇ ಹೊಲಿದುಕೊಡುತ್ತೇನೆ ಎಂದೆ. ಬೇಡ ಎಂದಳು. ಯಾಕೆ ಎಂದರೆ ಸೆಕೆ ಎಂದಳು. ಸೆಕೆ ಊರಿಗೆಲ್ಲ ಇದೆ. ಇವಳೊಬ್ಬಳಿಗೆ ಬಲೆ ಯಾಕೆ ಬೇಕಾಯಿತು ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಅವಳು ಹೆಣೆಯುವ ರೀತಿಯೂ ತಲೆಗೆ ಹೋಗಲಿಲ್ಲ. ನಮ್ಮದು ಕತ್ತರಿಸುವ ಕಸುಬು. ಬಟ್ಟೆ ಮೊದಲೇ ಇರುತ್ತದೆ, ಬೇಡದ್ದನ್ನು ತೆಗೆದರೆ ರವಿಕೆ. ಇಲ್ಲಿ ಬಟ್ಟೆಯೇ ಇಲ್ಲ. ಕತ್ತಿನಿಂದ ಶುರುಮಾಡಿ ಒಂದೊಂದೇ ಕುಣಿಕೆ ಎಳೆದು ಸುತ್ತು ಸುತ್ತಾಗಿ ಕೆಳಗೆ ಇಳಿಸುತ್ತಾಳೆ. ಬರೀ ಕುಣಿಕೆಗಳ ಸಾಲು ಸರಪಳಿಯಂತೆ, ಅದರ ಮೇಲೆ ಎದ್ದು ನಿಂತದ್ದು ಕಂಬವಂತೆ. ಕಂಕುಳ ಕೆಳಗೆ ಆರು ಸರಪಳಿ ಎಂದು ಹಾಳೆಯಲ್ಲಿ ಬರೆದಿತ್ತು. ಒಂದು ದಿನ ನೋಡಿದರೆ ಆರು ಹೊಡೆದುಹಾಕಿ ಹತ್ತು ಮಾಡಿದ್ದಳು. ವಾರ ಬಿಟ್ಟು ನೋಡಿದರೆ ಹತ್ತೂ ಹೋಗಿ ಹದಿನಾಲ್ಕು. ಎದೆಯ ಹತ್ತಿರ ಮೂರು ಸುತ್ತಿಗೊಮ್ಮೆ ಎರಡು ಕಂಬ ಹೆಚ್ಚಿಗೆ ಎಂದು ಪಕ್ಕದಲ್ಲಿ ಗೀಚಿದ್ದಳು. ಮಧ್ಯಾಹ್ನ ಒಳಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟು ನೋಡುವುದು, ಹೊರಗೆ ಬಂದು ಹೆಣಿಗೆ ಬಿಚ್ಚುವುದು. ಮೂರು ಸಲ ಕಂಕುಳವರೆಗೆ ಬಂದು ಮೂರು ಸಲ ಬಿಚ್ಚಿದಳು. ಅದು ಸಣಕಲು ಹುಡುಗಿಯರ ಅಳತೆ, ದೊಡ್ಡದು ಮಾಡಬೇಕು ಎಂದು ಒಮ್ಮೆ ಅಂದದ್ದು ಬಿಟ್ಟರೆ ಬೇರೆ ಏನೂ ಹೇಳಲಿಲ್ಲ.

ದೊಡ್ಡದು ಯಾಕೆ ಎಂದು ನಾನು ಗೊಂದಲಕ್ಕೆ ಬಿದ್ದೆ. ಅವಳ ಅಳತೆ ನನಗೆ ಬಾಯಿಪಾಠ. ಎದೆ ಮೂವತ್ತಮೂರು. ಹಾಳೆಯ ಲೆಕ್ಕವನ್ನು ಕೂಡಿ ಕಳೆದು ನೋಡಿದರೆ ಮೂವತ್ತೊಂಬತ್ತಕ್ಕೋ ನಲವತ್ತಕ್ಕೋ ಹೋಗುತ್ತಿತ್ತು. ಲೆಕ್ಕ ತಪ್ಪಿದ್ದಾಳೆ ಎಂದುಕೊಂಡೆ. ಒಮ್ಮೆ ಹೇಳಿಯೂ ಹೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಮತ್ತೆ ಕಡ್ಡಿ ಆಡಿಸತೊಡಗಿದಳು.

ನಮ್ಮ ಕಡೆಯ ಪದ್ಧತಿ ಒಂದನ್ನು ಇಲ್ಲಿ ಹೇಳಬೇಕು. ಗಂಡಸು ಟೈಲರ್ ಹೆಂಗಸರ ಮೈಗೆ ಟೇಪು ಇಡುವುದಿಲ್ಲ. ಅವರು ಸರಿಯಾಗಿ ಕೂತಿರುವ ಒಂದು ಹಳೆಯ ರವಿಕೆ ತಂದುಕೊಡುತ್ತಾರೆ, ಅದು ಅಳತೆ ರವಿಕೆ. ಅರ್ಧ ಇಂಚು ಬಿಗಿ ಮಾಡಿ, ಒಂದು ಬೆರಳು ಸಡಿಲ ಬಿಡಿ ಎಂದು ಬಾಯಲ್ಲಿ ಹೇಳಿ ಹೋಗುತ್ತಾರೆ. ನನ್ನ ಹೆಂಡತಿಯದೂ ಒಂದು ಅಳತೆ ರವಿಕೆ ಮಿಷನ್ನಿನ ಹಿಂದೆ ಮೊಳೆಗೆ ನೇತುಹಾಕಿದೆ. ಮದುವೆಯಾದ ವರ್ಷದ್ದು. ಇಪ್ಪತ್ತಾರು ವರ್ಷ ಅದನ್ನೇ ಇಟ್ಟು ಅವಳಿಗೆ ಹೊಲಿದಿದ್ದೇನೆ, ಊರವರ ರವಿಕೆಗಳು ಮುಗಿದ ಮೇಲೆ ಅವಸರದಲ್ಲಿ. ಎಲ್ಲರಿಗೂ ಬಿಡುವಂತೆ ಒಳಗೆ ಒಂದೂವರೆ ಇಂಚು ಬಟ್ಟೆ ಮಡಿಸಿ ಬಿಡುತ್ತಿದ್ದೆ. ಸರಿಯಾಯಿತಾ ಎಂದರೆ ಹೂಂ ಅನ್ನುತ್ತಿದ್ದಳು.

ಗೃಹಪ್ರವೇಶಕ್ಕೆ ನಾಲ್ಕು ದಿನ ಇತ್ತು. ರವಿಕೆ ಮುಗಿದಿತ್ತು. ಅವಳು ಅದನ್ನು ತೊಳೆದು ಮಣೆಯ ಮೇಲೆ ಹರಡಿ ಒಣಹಾಕಿ, ಚಕ್ಕುಲಿ ಸುಡಲು ಬೆಳಿಗ್ಗೆಯೇ ಅಗರಕ್ಕೆ ಹೋದಳು, ಸಂಜೆ ಬಸ್ಸಿಗೆ ಬರುತ್ತೇನೆ ಎಂದು. ನಾನು ಹತ್ತಿರ ಹೋಗಿ ನೋಡಿದೆ. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಕತ್ತಿನ ಅಂಚಿನಲ್ಲಿ ಸಣ್ಣ ಸಣ್ಣ ಕಮಾನು ಬಿಟ್ಟಿದ್ದಳು. ಆದರೆ ಅಗಲ. ಅಳತೆ ರವಿಕೆ ತಂದು ಮೇಲಿಟ್ಟೆ. ಒಂದೊಂದು ಪಕ್ಕಕ್ಕೆ ಒಂದೂವರೆ ಇಂಚಿನ ಮೇಲೆ ಹೊರಗಿತ್ತು. ಎರಡು ತಿಂಗಳು ಕೂತು ಹೆಣೆದದ್ದು ನೆಂಟರ ಮುಂದೆ ಜೋಲಾಡಿದರೆ ಪಾಪ ಅವಳಿಗೇ ಅವಮಾನ ಎನಿಸಿತು. ಸರಿಮಾಡಿ ಇಟ್ಟರೆ ಬಂದು ನೋಡಿ ಖುಷಿಪಡುತ್ತಾಳೆ ಎಂದೂ ಎನಿಸಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದು ಎರಡೂ ಪಕ್ಕ ಕತ್ತರಿ ಆಡಿಸಿದೆ.

ಬಟ್ಟೆಯಾದರೆ ಅಂಚು ಬಿಚ್ಚದಂತೆ ಓವರ್‌ಲಾಕ್ ಮಾಡಿ ಹೊಲಿದರೆ ಮುಗಿಯಿತು. ಇದರ ತೂತುಗಳಿಗೆ, ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ ಸಿಕ್ಕಿಕೊಂಡಿತು. ಬಿಡಿಸಲು ಹೋದಾಗ ಒಂದು ಎಳೆ ಹೊರಗೆ ಬಂತು. ಎಳೆ ಬಂದರೆ ಜಗ್ಗಿ ಕತ್ತರಿಸುವುದು ನಮ್ಮ ಕೈಯ ಅಭ್ಯಾಸ. ಜಗ್ಗಿದೆ. ಅದರ ಸಾಲೇ ಬಿಚ್ಚಿಕೊಂಡಿತು, ಮೇಲಿನದೂ ಬಾಯಿಬಿಟ್ಟಿತು. ಒಂದು ಕಡೆ ಸೂಜಿಯಲ್ಲಿ ಹಿಡಿದರೆ ಇನ್ನೊಂದು ಕಡೆ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಗೇಣುದ್ದದ ನೂಲಿನ ಚೂರುಗಳು ಬಿದ್ದಿದ್ದವು. ಮತ್ತೆ ಸುತ್ತಿ ಉಂಡೆ ಮಾಡುವಂತೆಯೂ ಇರಲಿಲ್ಲ. ಅಂಗಡಿ ಬಾಗಿಲು ಹಾಕಿಕೊಂಡು ಕೂತೆ. ನನಗೆ ನಿಜವಾಗಿ ಹೆದರಿಕೆಯಾಯಿತು.

ಸಂಜೆ ಬಂದವಳು ಮೇಜನ್ನು ನೋಡಿದಳು, ಪಕ್ಕದಲ್ಲಿದ್ದ ಅಳತೆ ರವಿಕೆಯನ್ನೂ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಿ ತನ್ನ ನಾಲ್ಕು ರವಿಕೆ ತಂದು ಒಳಮೈ ತಿರುಗಿಸಿ ನನ್ನ ಮುಂದೆ ಹರಡಿದಳು. ಎಲ್ಲವೂ ನಾನೇ ಹೊಲಿದವು. ನಾನು ಹಾಕಿದ ಪಕ್ಕದ ಹೊಲಿಗೆ ಒಂದರಲ್ಲೂ ಇರಲಿಲ್ಲ. ಬಿಚ್ಚಿದ ತೂತಿನ ಗೆರೆ ಮಾತ್ರ ಇತ್ತು. ಒಳಗೆ ಬಿಟ್ಟಿದ್ದ ಬಟ್ಟೆಯ ಕೊನೆಯ ಅಂಚಿನಲ್ಲಿ, ನೂಲು ಹಿಡಿಯುವುದೇ ಕಷ್ಟವಿರುವ ಜಾಗದಲ್ಲಿ, ಅವಳ ಕೈಹೊಲಿಗೆ ಇತ್ತು. ಕಂಕುಳ ಹತ್ತಿರ ಎರಡರಲ್ಲಿ ಬಟ್ಟೆಯೇ ಹರಿದಿತ್ತು.

"ಬಿಚ್ಕಳಾಕ ಇನ್ನ ಬಟ್ಟೆ ಉಳ್ದಿಲ್ಲ ಕಣ್ರೀ," ಎಂದಳು. "ಸೆಕೇಲಿ ಕಂಕುಳೆಲ್ಲ ಬೊಬ್ಬೆ ಎದ್ದದ. ಅದ್ಕೇ ಅದುನ್ನ ಎಣ್ಕಂಡಿದ್ದು."

ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ಮೊದ್ಲ ಮಗ ಉಟ್ಟುದ್ ವರ್ಸವೇ ನಾ ಯೋಳ್ದಿ. ನಿನ್ ಅಳತೆ ನಂಗೊತ್ತು ಕಣೆ ಅಂದ್ರಿ."

ಹಾಗೆ ಅಂದದ್ದು ನನಗೆ ನೆನಪಿಲ್ಲ. ಅಂದಿರುತ್ತೇನೆ, ನನ್ನ ಬಾಯಿ ನನಗೆ ಗೊತ್ತು. ಎಷ್ಟು ಯೋಚಿಸಿದರೂ ತಿಳಿಯದೆ ಇದ್ದದ್ದು ಬೇರೆ. ಊರ ಹೆಂಗಸರ ರವಿಕೆ ಕೈಗೆ ಬಂದರೆ ಈಕೆ ದಪ್ಪಗಾಗಿದ್ದಾರೆ, ಈಕೆ ಇಳಿದಿದ್ದಾರೆ ಎಂದು ಹೇಳುವ ನನ್ನ ಕಣ್ಣು, ದಿನಾ ಎದುರಿಗೆ ಅನ್ನ ಬಡಿಸುವವಳ ಮೇಲೆ ಇಪ್ಪತ್ತಾರು ವರ್ಷ ಎಲ್ಲಿತ್ತು? ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದಿಕ್ಕೇ ತೋಚದಂತಾಯಿತು.

ಟೇಪು ತೆಗೆದುಕೊಂಡು, ಅಳತೆ ತೆಗೆಯಲಾ ಎಂದು ಕೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಟೇಪು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಎರಡು ಸಲ ಜಾರಿಸಿದೆ. ಮೂವತ್ತೊಂಬತ್ತೂವರೆ ಬಂತು. ನಂಬಿಕೆಯಾಗದೆ ಇನ್ನೊಮ್ಮೆ ಇಟ್ಟೆ. ಅಷ್ಟೇ ಬಂತು. ಅವಳು ಹಾಳೆಯಲ್ಲಿ ಕಟ್ಟಿದ್ದ ಲೆಕ್ಕ ಒಂದು ಎಳೆಯೂ ತಪ್ಪಿರಲಿಲ್ಲ.

ಮಾರನೆಯ ದಿನ ಅಂಗಡಿ ತೆರೆಯುವ ಮೊದಲು, ಊರವರ ಬಟ್ಟೆಗಳನ್ನೆಲ್ಲ ಪಕ್ಕಕ್ಕಿಟ್ಟು, ತೆಳ್ಳನೆಯ ಹತ್ತಿ ಬಟ್ಟೆಯಲ್ಲಿ ಅವಳ ರವಿಕೆ ಹೊಲಿದೆ. ತೊಟ್ಟುಕೊಂಡು ಬಂದವಳು ಬಲಗೈಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿದಳು. ಎಲ್ಲೋ ಎಳೆಯುತ್ತದೆ ಎಂದು ಕಾಯುವವಳಂತೆ ಅರ್ಧಕ್ಕೆ ನಿಲ್ಲಿಸಿದಳು. ಎಳೆಯಲಿಲ್ಲ. ಪೂರ್ತಿ ಎತ್ತಿದಳು, ಎಡಗೈಯನ್ನೂ ಎತ್ತಿದಳು. ಎರಡೂ ಕೈ ಮೇಲಿಟ್ಟುಕೊಂಡು ಅಂಗಡಿಯ ನಡುವೆ ಸುಮ್ಮನೆ ನಿಂತೇ ಇದ್ದಳು. ನನಗೆ ಕಣ್ಣು ತುಂಬಿ ಬಂತು.

ಹೊಸ ನೂಲು ತಂದುಕೊಡುತ್ತೇನೆ ಎಂದೆ.

"ತನ್ನಿ," ಎಂದಳು. "ಎಣದ್ ಮ್ಯಾಲೆ ಮಾತ್ರ ನೀವು ಮುಟ್ಬ್ಯಾಡಿ."