ಒಂದೇ ಕಂಬಳಿಯ ಸಂಸಾರ

ಕುರಿಗಳಿಗೆ ಚುಚ್ಚುಮದ್ದು ಹಾಕಲು ಬುಕ್ಕಾಪಟ್ಟಣದ ಕಡೆ ಹೋಗಿದ್ದೆ. ನನ್ನ ಟ್ರಂಕು, ಹಾಸಿಗೆ ಸುರುಳಿ, ಟ್ರಾನ್ಸಿಸ್ಟರ್, ಬಿಸ್ಕತ್ತಿನ ಡಬ್ಬ ಎಲ್ಲ ನೋಡಿ, ಹೊಲದಲ್ಲಿ ಮಂದೆ ಹಾಕಿದ್ದ ಅಜ್ಜಿ, “ಸೂಜಿ ಚುಚ್ಚಾಕೆ ಬಂದ್ರೋ, ಸಂಸಾರ ಹೂಡಾಕೆ ಬಂದ್ರೋ ಸ್ವಾಮಿ?” ಅಂದಳು.

ಅವಳ ಹತ್ತಿರ ಇದ್ದದ್ದು ಒಂದು ಮಡಕೆ, ಒಂದು ಕಂಬಳಿ. ಮಳೆಗೂ ಅದೇ ಕಂಬಳಿ, ಚಳಿಗೂ ಅದೇ. ನನಗೆ ನಾಚಿಕೆಯಾಯಿತು. “ಅಜ್ಜಿ, ಬದುಕಿದರೆ ನಿನ್ನ ಹಾಗೆ ಬದುಕಬೇಕು” ಎಂದು ಭಾಷಣ ಶುರು ಮಾಡಿದೆ.

“ಸುಮ್ಕಿರಿ ಸ್ವಾಮಿ. ಊರಾಗೆ ಮನೆ ತುಂಬಾ ಸಾಮಾನು, ಕಾಲು ಚಾಚಾಕೆ ಜಾಗ ಇಲ್ಲ. ಅದ್ಕೇ ಕುರಿ ಹಿಂದೆ ಬಂದ್ಬುಟ್ಟೆ,” ಅಂದವಳು ಬಿಸ್ಕತ್ತಿನ ಡಬ್ಬವನ್ನು ಅಲುಗಿಸಿ ನೋಡಿದಳು. “ಇದು ಖಾಲಿಯಾದ್ರೆ ಇಲ್ಲೇ ಬುಟ್ಟೋಗಿ. ಮುಚ್ಚಳ ಚೆನ್ನಾಗೈತೆ.”

ಹೊರಡುವಾಗ ಡಬ್ಬ ಕೊಟ್ಟೆ. ಸರಳ ಬದುಕಿನ ಕಡೆಗೆ ನಾನಿಟ್ಟ ಮೊದಲ ಹೆಜ್ಜೆ ಅದು. ಅದನ್ನು ಅವಳು ಊರಿನ ಆ ಸಾಮಾನು ತುಂಬಿದ ಮನೆಯಲ್ಲಿ ಎಲ್ಲಿ ತುರುಕಿದಳೋ ಕಾಣೆ.